ಲಾರಿಯ ಮೇಲೆ ಹಾಲುಕ್ಕಿದ ಮನೆ

ಬೋರಲಿಂಗಯ್ಯನ ಮನೆಯಲ್ಲಿ ಬೆಳಗಿನ ಒಲೆ ಹಚ್ಚುವುದು ಆರೂವರೆಗೆ. ಸೊಸೆ ಶ್ವೇತಳ ಕಂಪನಿ ಬಸ್ಸು ಊರಿಗೆ ಬರುವುದು ಐದೂ ಇಪ್ಪತ್ತಕ್ಕೆ. ಮನೆಯ ಜಗಳವೆಲ್ಲ ಇವೆರಡರ ನಡುವಿನ ಒಂದು ಗಂಟೆ ಹತ್ತು ನಿಮಿಷದಲ್ಲಿತ್ತು.

ಒಲೆಯೆಂದರೆ ಗ್ಯಾಸಿನ ಒಲೆಯೇ. ಆದರೂ ಅದನ್ನು ಮೊದಲು ಹಚ್ಚುವ ಹಕ್ಕು ಅತ್ತೆ ಸರಸಮ್ಮನದು. ಆಕೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಎರಡು ಹಸುಗಳ ಹಾಲು ಕರೆದು ಡೈರಿಗೆ ಕಳಿಸಿ, ಸ್ನಾನ ಮಾಡಿ, ಒಲೆಗೆ ಅರಿಶಿನ ಕುಂಕುಮ ಇಟ್ಟ ಮೇಲೆಯೇ ಬೆಂಕಿ. ಆಕೆಯ ಅತ್ತೆ ಸೌದೆ ಒಲೆಯಲ್ಲಿ ಹೀಗೇ ಮಾಡುತ್ತಿದ್ದರಂತೆ. ಸ್ನಾನವಾಗದವರು ಒಲೆ ಮುಟ್ಟುವ ಹಾಗಿಲ್ಲ. ಸ್ನಾನವಾದವರೂ ಸರಸಮ್ಮನಿಗಿಂತ ಮೊದಲು ಮುಟ್ಟುವ ಹಾಗಿಲ್ಲ. ಹೀಗಾಗಿ ಶ್ವೇತ ಮದುವೆಯಾಗಿ ಬಂದ ಮೂರು ವರ್ಷದಿಂದಲೂ ಹಿಂದಿನ ದಿನದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಬಸ್ಸು ಹತ್ತುತ್ತಿದ್ದಳು. ಬಿಡದಿಯಲ್ಲಿ ಇಳಿದು, ಕಾರ್ಖಾನೆಯ ಗೇಟಿಗೆ ಹೋಗುವ ಮೊದಲು ತಟ್ಟೆ ಇಡ್ಲಿ ತಿನ್ನುತ್ತಿದ್ದಳು.

ಇಡ್ಲಿಯ ಸುದ್ದಿಯನ್ನು ಅದೇ ಬಸ್ಸಿನಲ್ಲಿ ಹೋಗುವ ಯಾರೋ ತಂದು ಸರಸಮ್ಮನಿಗೆ ಮುಟ್ಟಿಸಿದರು. ಆ ಸಂಜೆ ಊಟದ ಹೊತ್ತಿಗೆ ಮಾತು ಬಂತು.

“ಮನೇಲಿ ಹಿಟ್ಟಿಕ್ಕಲ್ಲ ಅಂತ ಬಿಡ್ದೀಗಂಟ ಸಾರ್ಕೊಂಡು ಬತ್ತಾವ್ಳೆ” ಎಂದಳು ಸರಸಮ್ಮ, ಮುದ್ದೆಯ ಕಡೆ ನೋಡುತ್ತ.

“ಐದು ಗಂಟೆಗೆ ಒಲೆ ಕೊಡಿ ಅತ್ತೆ. ನಾಳೆಯಿಂದ್ಲೇ ಇಡ್ಲಿ ಬುಟ್ಬುಡ್ತೀನಿ.”

“ಒಲೆ ಕೊಡಾಕೆ ಅದೇನು ಸೌಟಾ?”

ಮಗ ಜಯಕುಮಾರ್ ಹನಿ ನೀರಾವರಿಯ ಪೈಪು ಜೋಡಿಸುವ ಕೆಲಸದವನು. ಎಂಥ ಸೋರಿಕೆಯನ್ನಾದರೂ ನಿಲ್ಲಿಸುತ್ತಾನೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಮನೆಯಲ್ಲಿ ಮಾತು ಸೋರತೊಡಗಿದರೆ ಮಾತ್ರ ಅರ್ಧ ಊಟದಲ್ಲೇ ಕೈತೊಳೆದು ಎದ್ದು ಹೋಗುತ್ತಿದ್ದ. ಅಂದೂ ಹಾಗೆಯೇ ಮಾಡಿದ.

ಶ್ವೇತಳಿಗೆ ಪರಿಹಾರ ಸಿಕ್ಕಿದ್ದು ಕಾರ್ಖಾನೆಯ ಪಕ್ಕದಲ್ಲಿ. ಅಲ್ಲಿ ಹೊಸ ಗೋಡೌನು ಕಟ್ಟುತ್ತಿದ್ದವರು ಒಂದು ಸೋಮವಾರ ಖಾಲಿ ಜಾಗದಲ್ಲಿ ಒಂದು ಮನೆಯನ್ನೇ ತಂದಿಟ್ಟಿದ್ದರು. ಬಾಗಿಲು, ಕಿಟಕಿ, ಫ್ಯಾನು, ಎಲ್ಲ ಇತ್ತು. ಮಾಡಿದವರು ಯಾರೆಂದು ಕೇಳಿದಾಗ ರಾಮನಗರದ ತಾಜ್ ಪಾಷಾ ಎಂದರು. ತಾಜ್ ಪಾಷಾನ ತಂದೆಯ ಕಾಲದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಷೆಡ್ಡಿನಲ್ಲಿ ಈಗ ಅವನು ತಗಡು ಮತ್ತು ಥರ್ಮಾಕೋಲಿನ ಹಲಗೆಗಳಿಂದ ಮನೆ ಮಾಡುತ್ತಿದ್ದ. ಶ್ವೇತ ತನ್ನ ಉಳಿತಾಯದಲ್ಲಿ ಒಂದಕ್ಕೆ ಮುಂಗಡ ಕೊಟ್ಟೇ ಮನೆಯಲ್ಲಿ ವಿಷಯ ಹೇಳಿದಳು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲ. ಒಂದು ಕೋಣೆ, ಒಂದು ಬಚ್ಚಲು, ಒಂದು ಪುಟ್ಟ ಅಡಿಗೆಕಟ್ಟೆ. ಹಿತ್ತಲಲ್ಲಿ ಇಟ್ಟುಕೊಳ್ಳುತ್ತೇವೆ, ಬೇರೆಲ್ಲೂ ಹೋಗುವುದಿಲ್ಲ ಎಂದಳು.

ಬೋರಲಿಂಗಯ್ಯ ಎರಡು ದಿನ ಯೋಚಿಸಿದ. ಹಳೆ ಮನೆಯಲ್ಲಿ ಮಗ ಸೊಸೆಗೆ ಇದ್ದದ್ದು ರಾಗಿ ಮೂಟೆಗಳ ಪಕ್ಕದ ಜಾಗ. ಅದು ಸರಿಯಲ್ಲವೆಂದು ಅವನಿಗೂ ಗೊತ್ತಿತ್ತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದ.

“ಮಲಗಾಕೆ ಬೇಕಾರೆ ಮಲೀಕೊಳಿ. ಒಲೆ ಮಾತ್ರ ಹಚ್ಚಬ್ಯಾಡಿ. ಒಲೆ ಎರಡಾದ್ರೆ ಬೋರಲಿಂಗಯ್ಯನ ಮನೇಲಿ ಪಾಲಾಯ್ತು ಅಂತಾರೆ. ನಮ್ಮಪ್ಪನ ಕಾಲದಿಂದ ಒಂದೇ ಒಲೆ.”

ಒಲೆಯನ್ನು ಕಟ್ಟೆಗೇ ಕೂರಿಸಿರುತ್ತಾರೆ, ಕೀಳಲು ಬರುವುದಿಲ್ಲ ಎಂದಳು ಶ್ವೇತ. ಹಾಗಿದ್ದರೆ ಇರಲಿ, ಮೇಲೊಂದು ಬಟ್ಟೆ ಮುಚ್ಚಿ ಎಂದ ಬೋರಲಿಂಗಯ್ಯ. ಬಟ್ಟೆ ಮುಚ್ಚುತ್ತೇನೆಂದು ಶ್ವೇತ ಹೇಳಲೂ ಇಲ್ಲ, ಇಲ್ಲವೆನ್ನಲೂ ಇಲ್ಲ.

ಇದೆಲ್ಲ ಆದ ಮೇಲೆ ಪಂಚಾಯಿತಿಯ ಕರವಸೂಲಿಗಾರ ಕೆಂಪರಾಜು ಒಂದು ಕಾಗದ ತಂದುಕೊಟ್ಟ. ಸಿದ್ಧ ಮನೆಗಳನ್ನು ಇರಿಸುವ ಬಗ್ಗೆ ಆ ಪಂಚಾಯಿತಿ ಹನ್ನೊಂದು ಷರತ್ತು ಮಾಡಿತ್ತು. ಕೆರೆಯಂಚಿನ ರೆಸಾರ್ಟಿನವರು ತಂದಿಟ್ಟಿದ್ದ ಒಂದು ಡಬ್ಬಿಮನೆ ಮಳೆಯಲ್ಲಿ ಜಾರಿ, ಒಳಗಿದ್ದ ಇಬ್ಬರು ಅತಿಥಿಗಳ ಸಮೇತ ಮೊಣಕಾಲುದ್ದ ನೀರಿಗೆ ಇಳಿದ ಮೇಲೆ ಮಾಡಿದ ಷರತ್ತುಗಳವು. ಒಂದೂವರೆ ಅಡಿ ಎತ್ತರದ ತಳಪಾಯ ಬೇಕು. ನಾಲ್ಕು ಮೂಲೆಗೂ ಬೋಲ್ಟು ಬಿಗಿಯಬೇಕು. ಪಕ್ಕದವರ ಗಡಿಯಿಂದ ಐದಡಿ, ಹುಲ್ಲಿನ ಬಣವೆಯಿಂದ ಇಪ್ಪತ್ತಡಿ ದೂರವಿರಬೇಕು. ಪರವಾನಗಿ ಬಂದ ಮೇಲೆ ಮನೆ ಬರಬೇಕು. ಮನೆಯಲ್ಲಿ ಮೊದಲ ಸಲ ಒಲೆ ಹಚ್ಚಿದ ದಿನ ಮತ್ತು ಸ್ಥಳವನ್ನೇ ವಾಸ ಆರಂಭವಾದ ದಿನ ಮತ್ತು ಸ್ಥಳವೆಂದು ಬರೆದುಕೊಳ್ಳಲಾಗುವುದು.

ಜಯಕುಮಾರ್ ತಳಪಾಯ ಹಾಕಿಸಿ ಬೋಲ್ಟು ಕೂರಿಸಿದ. ಪರವಾನಗಿಯ ಅರ್ಜಿಯನ್ನು ನಾಳೆ ಕೊಡುತ್ತೇನೆಂದು ದಿನಾ ಅಂದುಕೊಂಡ. ಒಲೆಯ ಷರತ್ತನ್ನು ಮನೆಯಲ್ಲಿ ಯಾರೂ ಎರಡನೇ ಸಲ ಓದಲಿಲ್ಲ.

ಗೃಹಪ್ರವೇಶಕ್ಕೆ ಸಿಕ್ಕಿದ್ದು ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ. ಬೆಳಿಗ್ಗೆ ಒಂಬತ್ತು ಹತ್ತರಿಂದ ಒಂಬತ್ತು ನಲವತ್ತೆರಡರವರೆಗೆ ಒಳ್ಳೆಯ ಹೊತ್ತು. ಅದು ಬಿಟ್ಟರೆ ಶ್ರಾವಣವೇ. ಮನೆ ಹಿಂದಿನ ದಿನವೇ ಬರಬೇಕಿತ್ತು, ಅಂದು ಬೆಳಿಗ್ಗೆ ಎಂಟಕ್ಕೆ ಬಂತು. ಅದನ್ನು ಇಳಿಸಬೇಕಾದ ಕ್ರೇನು ಬರಲಿಲ್ಲ. ಮಾಗಡಿಯ ಕಡೆ ಹಳ್ಳಕ್ಕೆ ಬಿದ್ದ ಟಿಪ್ಪರನ್ನು ಎತ್ತಲು ಹೋಗಿದೆ, ಮಧ್ಯಾಹ್ನವಾಗುತ್ತದೆ ಎಂದು ಫೋನು ಬಂತು.

ಲಾರಿ ನೀರಿನ ಟ್ಯಾಂಕಿನ ಮುಂದೆ ರಸ್ತೆಯಲ್ಲಿ ನಿಂತಿತ್ತು. ಅದರ ಮೇಲೆ ಮನೆ, ಮನೆಯ ಬಾಗಿಲಿಗೆ ಶ್ವೇತ ಆಗಲೇ ಕಟ್ಟಿದ್ದ ಮಾವಿನ ಸೊಪ್ಪು. ನೆಂಟರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು. ಶ್ರಾವಣಕ್ಕೆ ಇಟ್ಟುಕೊಳ್ಳೋಣ ಎಂದ ಬೋರಲಿಂಗಯ್ಯ. ಅದರಲ್ಲಿ ಅವನಿಗೆ ಒಂದಿಷ್ಟು ಸಮಾಧಾನವೂ ಇದ್ದಂತಿತ್ತು. ಅಡ್ಡ ಬಂದವಳು ಸರಸಮ್ಮ.

“ತೊಂಬತ್ತು ಜನಕ್ಕೆ ಒಬ್ಬಟ್ಟಿಗೆ ಬೇಳೆ ಬೇಯ್ಸಿ ರುಬ್ಬಿವ್ನಿ. ಶ್ರಾವಣದಗಂಟ ಅದು ನನ್ ಮಾತು ಕೇಳ್ಕೊಂಡು ಕೂತಿರ್ತದಾ?”

ಹಾಗೆಂದು ಪುರೋಹಿತರ ಕಡೆ ತಿರುಗಿ, ಮನೆ ಎಲ್ಲಿದೆಯೋ ಅಲ್ಲೇ ಹಾಲು ಉಕ್ಕಿಸಿದರೆ ಏನು ತಪ್ಪೆಂದು ಕೇಳಿದಳು. ಪುರೋಹಿತರು ಮನೆಯನ್ನು ಎರಡು ಸಲ ಸುತ್ತಿ ಬಂದರು. ಹೊಸ್ತಿಲಿದೆ, ಬಾಗಿಲಿದೆ, ಸೂರಿದೆ, ಮುಖ ಪೂರ್ವಕ್ಕಿದೆ. ಕೆಳಗೆ ಚಕ್ರ ಇರಬಾರದೆಂದು ತಾವು ಓದಿದ ಯಾವ ಪುಸ್ತಕದಲ್ಲೂ ಇಲ್ಲ ಎಂದರು.

ಮೊದಲು ಹಸು ಹೋಗಬೇಕು. ಎರಡು ಹಲಗೆ ಇಟ್ಟು ನಾಲ್ಕು ಜನ ಹಿಂದಿನಿಂದ ನೂಕಿದರು. ಹಸು ಮುಂದಿನ ಎರಡು ಕಾಲನ್ನು ಲಾರಿಯ ಮೇಲಿಟ್ಟು, ತಲೆಯನ್ನು ಬಾಗಿಲೊಳಗೆ ಹಾಕಿ, ಮಾವಿನ ಸೊಪ್ಪನ್ನು ತಿಂದು, ಅಷ್ಟಕ್ಕೇ ನಿಂತಿತು. ಗಡಿಯಾರ ನೋಡಿದ ಪುರೋಹಿತರು ಅರ್ಧ ಹಸು ಸಾಕು ಎಂದರು.

ಬೋರಲಿಂಗಯ್ಯ ಮೂರು ಇಟ್ಟಿಗೆ ಮತ್ತು ಸೌದೆ ತಂದಿದ್ದ. ಹಾಲು ಇಟ್ಟಿಗೆಯ ಮೇಲೆ ಉಕ್ಕಿದರೆ ಒಲೆಯ ಮಾತೇ ಬರುವುದಿಲ್ಲವೆಂಬುದು ಅವನ ಲೆಕ್ಕ. ಅದನ್ನು ಕಂಡ ತಾಜ್ ಪಾಷಾ ಲಾರಿಯ ಮೇಲಿಂದಲೇ ಎರಡೂ ಕೈ ಎತ್ತಿದ.

“ಸೌದೆ ಹಚ್ಚಿದ್ರೆ ನನ್ ಮನೆ ಕರ್ಗೋಗ್ತದೆ ಸ್ವಾಮಿ. ಗ್ಯಾಸೇ ಹಚ್ಕೊಳ್ಳಿ. ಮತ್ತೆ ಎಲ್ಲಾರೂ ಒಂದೇ ಕಡೆ ನಿಂತ್ಕೋಬ್ಯಾಡಿ ಅಮ್ಮಾ, ಗಾಡಿ ವಾಲ್ತದೆ.”

ಒಂಬತ್ತು ಮೂವತ್ತೆಂಟಾಗಿತ್ತು. ಶ್ವೇತ ಕೆಳಗೆ ಹಸುವಿನ ಹಗ್ಗ ಹಿಡಿದು ನಿಂತಿದ್ದಳು. ಸ್ನಾನವಾಗಿ, ಮಡಿಯುಟ್ಟು, ಮೇಲೆ ನಿಂತಿದ್ದವಳು ಸರಸಮ್ಮ. ಮೂವತ್ತು ವರ್ಷದ ಅಭ್ಯಾಸದ ಕೈ. ಅರಿಶಿನ ಕುಂಕುಮವಿಟ್ಟು ಒಲೆ ಹಚ್ಚಿಯೇಬಿಟ್ಟಳು. ಹಾಲು ಪೂರ್ವಕ್ಕೆ ಉಕ್ಕಿತು. ಎಲ್ಲರೂ ಒಳ್ಳೆಯದೆಂದರು. ಲಾರಿ ಆ ಕಡೆಗೇ ಒಸಿ ವಾಲಿದ್ದುದರಿಂದ ಅದು ಬೇರೆ ಕಡೆ ಉಕ್ಕುವ ಹಾಗಿರಲಿಲ್ಲ ಎಂದು ತಾಜ್ ಪಾಷಾ ಮಾತ್ರ ಅಂದುಕೊಂಡ.

ಜಯಕುಮಾರ್ ಇದನ್ನೆಲ್ಲ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿದ. ಕ್ರೇನು ಮೂರು ಗಂಟೆಗೆ ಬಂತು. ಮನೆ ತಳಪಾಯದ ಮೇಲೆ ಕೂತಾಗ ಅಡಿಗೆಕಟ್ಟೆಯ ಮೇಲಿನ ಹಾಲು ಒಣಗಿತ್ತು.

ಮರುದಿನ ಬೆಳಿಗ್ಗೆ ಶ್ವೇತ ನಾಲ್ಕೂಮುಕ್ಕಾಲಿಗೆ ಎದ್ದು ಉಪ್ಪಿಟ್ಟು ಮಾಡಿದಳು. ಮಾವನ ಷರತ್ತೇನಾಯಿತು ಎಂದು ಗಂಡ ಕೇಳಿದ್ದಕ್ಕೆ, ಹಚ್ಚಿದವರು ನಾನಲ್ಲ, ಅತ್ತೆ ಎಂದಳು. ಈ ಮಾತು ಬೋರಲಿಂಗಯ್ಯನ ಕಿವಿಗೂ ಬಿತ್ತು. ಅವನು ಸಿಟ್ಟನ್ನೆಲ್ಲ ಹೆಂಡತಿಯ ಮೇಲೆ ತೀರಿಸಿಕೊಂಡ. ಸಾರಿಗೆ ಉಪ್ಪಿಲ್ಲ ಎಂದ, ಕಾಫಿ ಆರಿದೆ ಎಂದ. ನಾನು ಒಲೆ ಹಚ್ಚಿದ್ದು ಹಾಲಿಗೆ, ಉಪ್ಪಿಟ್ಟಿಗಲ್ಲ ಎಂದು ಸರಸಮ್ಮ ಸೊಸೆಗೆ ಕೇಳುವಂತೆ ಹೇಳಿದಳು.

ಶ್ವೇತಳ ಉಪ್ಪಿಟ್ಟು ನಾಲ್ಕೇ ದಿನ ನಡೆಯಿತು. ಐದನೆಯ ದಿನ ಕೆಂಪರಾಜು ನೋಟಿಸು ತಂದ. ಪಂಚಾಯಿತಿಯ ಪಿಡಿಒ ಲತಾಮಣಿ ಮೇಡಂ ಜಯಕುಮಾರನ ಸ್ಟೇಟಸ್ಸನ್ನು ಯಾರದೋ ಫೋನಿನಲ್ಲಿ ನೋಡಿದ್ದರು. ಒಲೆ, ಉಕ್ಕುವ ಹಾಲು, ಹಿಂದೆ ಪಂಚಾಯಿತಿಯ ನೀರಿನ ಟ್ಯಾಂಕು, ಎಲ್ಲ ಅದರಲ್ಲಿ ಸ್ಪಷ್ಟವಾಗಿದ್ದವು. ಷರತ್ತಿನ ಪ್ರಕಾರ ಈ ಕುಟುಂಬ ಸಾರ್ವಜನಿಕ ರಸ್ತೆಯ ಮಧ್ಯೆ ವಾಸ ಆರಂಭಿಸಿದೆ, ಅದೂ ಪರವಾನಗಿಯಿಲ್ಲದೆ. ಮೂವತ್ತು ದಿನದೊಳಗೆ ಸರಿಪಡಿಸಿಕೊಳ್ಳದಿದ್ದರೆ ಮನೆಯನ್ನು ತೆರವು ಮಾಡಲಾಗುವುದು. ಅಲ್ಲಿಯವರೆಗೆ ಒಲೆ ಹಚ್ಚಕೂಡದು.

ಕೆಂಪರಾಜು ಒಲೆಯ ಎರಡು ಬರ್ನರಿನ ಮೇಲೂ ಅಡ್ಡಡ್ಡ ಕಾಗದ ಅಂಟಿಸಿ ಮೊಹರು ಹಾಕಿದ. ಗೃಹಪ್ರವೇಶದ ದಿನ ಅವನೂ ನಾಲ್ಕು ಒಬ್ಬಟ್ಟು ತಿಂದಿದ್ದ. ಆ ಮುಲಾಜಿಗೆ ಅಂಟನ್ನು ಒಸಿ ತೆಳುವಾಗಿ ಹಚ್ಚಿದ.

ಶ್ವೇತ ಮತ್ತೆ ತಂಗಳು ಮುದ್ದೆಗೆ ಬಂದಳು. ಸ್ವಂತ ಮನೆಯಲ್ಲಿ, ಸ್ವಂತ ಒಲೆಯ ಮುಂದೆ ನಿಂತು, ಮುದ್ದೆ ಕಿವುಚಿದ ಮಜ್ಜಿಗೆ ಕುಡಿಯುವುದು ಮೊದಲಿಗಿಂತ ಕಷ್ಟವಾಗಿತ್ತು. ಒಂದು ಭಾನುವಾರ ಅವಳು ಗಂಡನನ್ನು ಕೂರಿಸಿ, ಅವನು ಕೈತೊಳೆಯಲು ಏಳದಂತೆ ಚೊಂಬನ್ನು ತನ್ನ ಹಿಂದೆ ಇಟ್ಟುಕೊಂಡು ಮಾತನಾಡಿದಳು. ಈ ಮನೆ ಹೋದರೆ ಇನ್ನೊಂದು ಮಾಡಿಸುವ ಶಕ್ತಿ ತನಗಿಲ್ಲ, ಮೂರು ವರ್ಷದ ಉಳಿತಾಯ ಇದರಲ್ಲಿದೆ, ನೀನು ಮಾತನಾಡದಿದ್ದರೂ ಪರವಾಗಿಲ್ಲ, ಕೆಲಸವನ್ನಾದರೂ ಮಾಡು ಎಂದಳು. ಜಯಕುಮಾರ್ ಮರುದಿನವೇ ಟೇಪು ಹಿಡಿದು ಹಿತ್ತಲಿಗೆ ಹೋದ.

ಗಡಿಯಿಂದ ಐದಡಿ ಸರಿಯಿತ್ತು. ಬೋಲ್ಟು ಸರಿಯಿತ್ತು. ಬಣವೆಯಿಂದ ಮಾತ್ರ ಹದಿನಾಲ್ಕೇ ಅಡಿ. ಬಣವೆಯನ್ನು ಕಿತ್ತು ಬೇರೆಡೆ ಒಟ್ಟೋಣವೆಂದರೆ ಬೋರಲಿಂಗಯ್ಯ ಒಪ್ಪಲಿಲ್ಲ. ಮಳೆಗಾಲದಲ್ಲಿ ಬಿಚ್ಚಿದ ಬಣವೆ ಕೊಳೆತುಹೋಗುತ್ತದೆ, ಮನೆ ಬಂದದ್ದು ಈಗ, ಬಣವೆ ಮೊದಲಿನಿಂದಲೂ ಇದೆ ಎಂದ. ಆದ್ದರಿಂದ ಜಯಕುಮಾರ್ ಹಸುಗಳಿಗೆ ಹಾಕುವ ಹುಲ್ಲನ್ನೆಲ್ಲ ಮನೆಯ ಕಡೆಯ ಪಕ್ಕದಿಂದಲೇ ಹಿರಿಯತೊಡಗಿದ. ಎರಡು ಹಸುಗಳಿಂದ ವಾರಕ್ಕೆ ಒಂದಡಿಯೂ ಆಗಲಿಲ್ಲ. ಆಗ ಊರಿನವರಿಗೆ ಹುಲ್ಲು ಸಾಲ ಕೊಡಲು ಶುರುಮಾಡಿದ, ಬೇಡವೆಂದವರ ಕೊಟ್ಟಿಗೆಗೂ ಒಂದು ಹೊರೆ ಹಾಕಿ ಬಂದ. ಮೂರನೆಯ ವಾರದ ಹೊತ್ತಿಗೆ ಬಣವೆ ಒಂದು ಪಕ್ಕ ಕೊರೆದು, ಹೊಟ್ಟೆನೋವು ಬಂದವರಂತೆ ಬಗ್ಗಿ ನಿಂತಿತ್ತು. ಟೇಪು ಇಪ್ಪತ್ತಡಿ ಎರಡಿಂಚು ತೋರಿಸಿತು.

ಉಳಿದದ್ದು ಪರವಾನಗಿ. ಕೆಂಪರಾಜು ಅದನ್ನು ಬಿಡಿಸಿ ಹೇಳಿದ. ವಾಸದ ಮನೆಯೆಂದು ಬರೆಸಿದರೆ ಅದಕ್ಕೆ ಬೇರೆ ಬಾಗಿಲ ನಂಬರು ಬರುತ್ತದೆ, ಬೇರೆ ಕಂದಾಯ ಬರುತ್ತದೆ. ಜಾಗದ ಮಾಲೀಕರು ಒಪ್ಪಿ ರುಜು ಹಾಕಬೇಕು. ರಸ್ತೆಯ ಮೇಲೆ ಒಲೆ ಹಚ್ಚಿದ್ದಕ್ಕೆ ಸಣ್ಣ ದಂಡ ಕಟ್ಟಬೇಕು, ಅಲ್ಲಿಗೆ ಮುಗಿಯಿತು.

ಬೇರೆ ನಂಬರು ಎಂದ ಕೂಡಲೇ ಬೋರಲಿಂಗಯ್ಯ ತುಂಡು ವಸ್ತ್ರ ಕೊಡವಿ ಎದ್ದ.

“ಅದೇ ಪಾಲು ಅನ್ನೋದು ಕಣ್ಲಾ. ನಮ್ಮಣ್ಣ ಬೇರೆ ಹೋದಾಗ್ಲೂ ಮೊದ್ಲು ಬಂದಿದ್ದು ನಂಬ್ರೇ. ನಾ ರುಜು ಹಾಕಾಕಿಲ್ಲ.”

“ಹಂಗಾದ್ರೆ ಮನೆ ಎತ್ಕೊಂಡೋಯ್ತಾರೆ, ಬೋರಣ್ಣ.”

“ಇನ್ನೊಂದ್ ದಾರಿ ಇಲ್ವಾ?”

ಕೆಂಪರಾಜು ಆ ಕಡೆ ಈ ಕಡೆ ನೋಡಿ, ಇನ್ನೊಂದು ದಾರಿಯನ್ನೂ ಹೇಳಿದ. ಷರತ್ತುಗಳೆಲ್ಲ ಮನುಷ್ಯರ ಮನೆಗೆ. ದನದ ಕೊಟ್ಟಿಗೆಗೆ ಪರವಾನಗಿ ಬೇಡ, ನಂಬರು ಬೇಡ, ದಂಡವೂ ಇಲ್ಲ. ಕೊಟ್ಟಿಗೆಯೆಂದು ಮೇಡಂ ಒಪ್ಪಿ ಬರೆದುಕೊಂಡರೆ ಸಾಕು. ಆದರೆ ಅದರಲ್ಲಿ ಒಲೆ ಇರುವ ಹಾಗಿಲ್ಲ.

ಬೋರಲಿಂಗಯ್ಯನ ಮುಖ ಅರಳಿತು. ಮನೆಯೂ ಉಳಿಯುತ್ತದೆ, ಒಲೆಯೂ ಹೋಗುತ್ತದೆ. ಅವನು ಮೊದಲಿನಿಂದ ಕೇಳಿದ್ದೂ ಇದನ್ನೇ.

ನೋಟಿಸಿನ ಇಪ್ಪತ್ತೆಂಟನೆಯ ದಿನ ತಪಾಸಣೆ. ಶ್ವೇತ ಒಂದು ದಿನದ ರಜೆ ಹಾಕಿ, ಬೆಳಿಗ್ಗೆ ತರಕಾರಿ ತರಲು ಗುಡೇಮಾರನಹಳ್ಳಿಗೆ ಹೋಗಿದ್ದಳು. ಬರುವಷ್ಟರಲ್ಲಿ ಅವಳ ಮನೆಯ ಕಿಟಕಿಯ ಕಂಬಿಗೆ ಹಸು ಕಟ್ಟಿದ್ದರು. ಬಾಗಿಲಲ್ಲಿ ಹುಲ್ಲು, ಒಳಗೆ ಹಾಸಿಗೆಯ ಮೇಲೆ ಹಿಂಡಿಯ ಮೂಟೆ. ಅಡಿಗೆಕಟ್ಟೆಯ ಮೇಲೆ, ಮೊಹರು ಹಾಕಿದ ಒಲೆಯನ್ನು ಮರೆಮಾಡಿ, ಕಲಗಚ್ಚಿನ ಬಾನಿ.

ಅವಳು ತರಕಾರಿಯ ಚೀಲವನ್ನು ಕೆಳಗಿಟ್ಟಳು. ಅಷ್ಟರಲ್ಲಿ ಲತಾಮಣಿಯ ಜೀಪು ಬಂತು.

ಲತಾಮಣಿಯದು ಮಾತು ಕಡಿಮೆ. ಟೇಪು ಹಿಡಿಸಿ ಗಡಿ ಅಳೆದರು, ಬೋಲ್ಟುಗಳನ್ನು ಒಂದೊಂದಾಗಿ ಕಾಲಿನಿಂದ ತಟ್ಟಿ ನೋಡಿದರು, ಬಣವೆಯ ಮುಂದೆ ನಿಂತು ಅದಕ್ಕೇನಾಯಿತೆಂದು ಕೇಳಿದರು. ಹಸು ತಿಂತು ಮೇಡಂ ಎಂದ ಜಯಕುಮಾರ್. ಒಂದೇ ಕಡೆಯಿಂದಲಾ ಎಂದರು. ಅದಕ್ಕೆ ಆ ಕಡೆಯೇ ಇಷ್ಟ ಎಂದ. ಅವನು ಅಧಿಕಾರಿಯೊಬ್ಬರ ಎದುರು ಅಷ್ಟು ಮಾತನಾಡಿದ್ದನ್ನು ಮನೆಯವರು ನೋಡಿದ್ದು ಅದೇ ಮೊದಲು.

ಆಮೇಲೆ ಲತಾಮಣಿ ಹಸುವನ್ನು ನೋಡಿದರು.

“ಇದೇನಿದು?”

“ಕೊಟ್ಟಿಗೆ ತಾಯಿ” ಎಂದ ಬೋರಲಿಂಗಯ್ಯ, ಕೈ ಮುಗಿದು. “ದನಿನ್ ಕೊಟ್ಟಿಗೆ. ಈ ಕಾಲ್ದೋರು ಮಾಡೋದು ಹಿಂಗೇ. ಹಸೀನೇ ಮೊದ್ಲು ಹತ್ತಿಸಿರೋದು, ಈಡಿಯೋದಲ್ಲೂ ಐತೆ, ನೋಡಿ.”

“ಕೊಟ್ಟಿಗೆಗೆ ಫ್ಯಾನ್ ಯಾಕೆ?”

“ಸೊಳ್ಳೆ ಅವ್ವ. ಹಾಲು ಕಮ್ಮಿ ಆಯ್ತದೆ.”

ಲತಾಮಣಿ ಬಾಗಿಲ ಪಕ್ಕದ ಕನ್ನಡಿಯನ್ನೂ, ಅದಕ್ಕೆ ಅಂಟಿಸಿದ್ದ ಬಿಂದಿಯನ್ನೂ ನೋಡಿದರು. ಫೈಲು ತೆರೆದರು. ಕೊಟ್ಟಿಗೆಯೆಂದು ಬರೆದರೆ ತಮಗೂ ಅರ್ಧ ಕೆಲಸ ತಪ್ಪುತ್ತದೆ, ಆದರೆ ನಾಳೆ ಇದರಲ್ಲಿ ಒಂದು ಲೋಟ ಕಾಫಿ ಕಾಯಿಸಿದರೂ ಸುಮ್ಮನಿರುವುದಿಲ್ಲ, ಒಲೆಯನ್ನು ಇವತ್ತೇ ಕಿತ್ತುಕೊಂಡು ಹೋಗುತ್ತೇನೆ ಎಂದರು. ಕೆಂಪರಾಜು ಬಾನಿಯನ್ನು ಇಳಿಸಿ, ಬ್ಯಾಗಿನಿಂದ ಸ್ಪಾನರು ತೆಗೆದ.

ಆಗ ಶ್ವೇತ ಮಾತನಾಡಿದಳು. ದನಿ ಏರಿಸಲಿಲ್ಲ.

“ಮೇಡಂ, ನೀವು ಕೊಟ್ಟಿಗೆ ಅಂತ ಬರ್ದ್ರೆ ನಾನು ಇವತ್ತೇ ಇದ್ರಿಂದ ಆಚೆ ಬತ್ತೀನಿ. ಬಿಡದೀಲಿ ರೂಮ್ ಮಾಡ್ತೀನಿ. ನಾನು ಬೇರೆ ಹೋಗ್ಬೇಕು ಅಂತ ಇದ್ನ ತರ್ಲಿಲ್ಲ, ಇಲ್ಲೇ ಇರಾನ ಅಂತ ತಂದೆ. ಹೊತ್ತಾರೆ ಒಂದಿಷ್ಟು ಬಿಸೀದು ತಿಂದು ಕೆಲ್ಸಕ್ಕೆ ಓಗಾಕೆ.”

ಹಸು ಗಂಜಲ ಹೊಯ್ದಿತು. ಜಯಕುಮಾರ್ ಅಭ್ಯಾಸಬಲದಿಂದ ಕೈತೊಳೆಯಲು ನೀರು ಹುಡುಕುವವನಂತೆ ಸುತ್ತ ನೋಡಿದ. ಆದರೆ ಹೋಗಲಿಲ್ಲ. ಹೆಂಡತಿಯ ಪಕ್ಕ ಬಂದು ನಿಂತ.

ಸರಸಮ್ಮ ಅಷ್ಟು ಹೊತ್ತೂ ಹಿತ್ತಲ ಬಾಗಿಲಲ್ಲಿ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದಳು. ಸೊಸೆಯ ಮಾತು ಅವಳನ್ನು ಎಷ್ಟು ಮುಟ್ಟಿತೋ ಹೇಳುವುದು ಕಷ್ಟ. ಅವಳ ಕಿವಿಯಲ್ಲಿ ನಿಂತದ್ದು ಗಂಡನ ಮಾತು. ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದಳು.

“ಇದು ಕೊಟ್ಟಿಗೆನಾ?”

“ನೀ ಸುಮ್ಕಿರು” ಎಂದ ಬೋರಲಿಂಗಯ್ಯ ಮೆಲ್ಲಗೆ.

“ಮಡಿ ಉಟ್ಟು, ತೊಂಬತ್ತು ಜನದ ಮುಂದೆ ನಾ ಒಲೆ ಹಚ್ಚಿವ್ನಿ. ಕೊಟ್ಟಿಗೇಲಿ ಹಾಲುಕ್ಕಿಸಾಕೆ ನಂಗೇನು ಹುಚ್ಚಾ? ನಾಳೆ ನಮ್ ತವರ್‌ನೋರು ಕೇಳಿದ್ರೆ ಏನಂತ ಹೇಳ್ಲಿ? ಬರ್ಕೊಳಿ ತಾಯಿ, ಇದು ಮನೆ. ನಾನು ಉಕ್ಸಿದ ಮೇಲೆ ಮನೇನೇ.”

ಮನೆಯಾದರೆ ಮಾಲೀಕರ ರುಜು ಬೇಕಲ್ಲ ಎಂದು ಬೋರಲಿಂಗಯ್ಯ ಕೊನೆಯ ಆಧಾರ ಹಿಡಿದ. ತಾನು ಹಾಕುವುದಿಲ್ಲವೆಂದೂ ಹೇಳಿದ. ಲತಾಮಣಿ ರಿಜಿಸ್ಟರಿನ ಹಾಳೆ ತಿರುವಿದರು.

“ನಿಮ್ಮ ರುಜು ನಾನು ಕೇಳ್ಲಿಲ್ಲವಲ್ಲ ಯಜಮಾನ್ರೇ. ಹಿತ್ತಲು ಸರಸಮ್ಮ ಕೋಂ ಬೋರಲಿಂಗಯ್ಯ ಅಂತಿದೆ.”

ಇಪ್ಪತ್ತೆರಡು ವರ್ಷದ ಹಿಂದೆ, ಅಣ್ಣತಮ್ಮಂದಿರ ಪಾಲಿನ ಗಲಾಟೆಯಲ್ಲಿ, ಹಿತ್ತಲು ಯಾರ ಕೈಗೂ ಸಿಗದಿರಲೆಂದು ಬೋರಲಿಂಗಯ್ಯನೇ ಅದನ್ನು ಹೆಂಡತಿಯ ಹೆಸರಿಗೆ ಮಾಡಿಸಿದ್ದ. ಜಾಣತನದ ಕೆಲಸ ಮಾಡಿದೆನೆಂದು ಆಗ ಖುಷಿಪಟ್ಟು, ಆಮೇಲೆ ಮರೆತಿದ್ದ. ಸರಸಮ್ಮನಿಗೂ ಅದು ನೆನಪಿದ್ದಂತೆ ಕಾಣಲಿಲ್ಲ. ಅವಳು ಗಂಡನ ಕಡೆ ಒಂದು ಗಳಿಗೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ಪೆನ್ನು ತೆಗೆದುಕೊಂಡಳು. ನಾಲ್ಕು ಅಕ್ಷರ ಬರೆಯಲು ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

“ನೋಡು” ಎಂದಳು ಶ್ವೇತಳಿಗೆ, ಪೆನ್ನು ಹಿಂದಿರುಗಿಸುತ್ತ. “ನಿನ್ ಉಪ್ಪಿಟ್ಟಿಗೆ ಅಂತ ಹಾಕ್ಲಿಲ್ಲ. ನಾ ಉಕ್ಸಿದ ಹಾಲಿಗೆ ಹಾಕಿವ್ನಿ.”

“ಆಗ್ಲಿ ಅತ್ತೆ” ಎಂದಳು ಶ್ವೇತ. ನಗು ಬಂದರೂ ತಡೆದುಕೊಂಡಳು.

ಕೆಂಪರಾಜು ಸ್ಪಾನರನ್ನು ಒಳಗಿಟ್ಟು ಮೊಹರಿನ ಕಾಗದ ಎಳೆದ. ತೆಳುವಾದ ಅಂಟು, ಒಂದೇ ಎಳೆತಕ್ಕೆ ಬಂತು. ಹಸುವನ್ನು ಬಿಚ್ಚಿದರು. ಹಾಸಿಗೆಯ ಮೇಲಿನ ಹಿಂಡಿಮೂಟೆಯನ್ನು ಬೋರಲಿಂಗಯ್ಯನೇ ಹೊತ್ತು ಹೊರಗೆ ಹಾಕಬೇಕಾಯಿತು. ಒಳಗೆ ಹಾಕಿದವನೂ ಅವನೇ ಆದ್ದರಿಂದ ಬೇರೆ ಯಾರೂ ಕೈ ಕೊಡಲಿಲ್ಲ.

ಎರಡು ದಿನ ಅವನು ಮನೆಯಲ್ಲಿ ಮುಖ ಊದಿಸಿಕೊಂಡೇ ಓಡಾಡಿದ. ಡೈರಿಯಲ್ಲಿ ಹಾಲು ಹಾಕುವವರು ಪಾಲಾಯಿತಂತೆ ಎಂದು ಕೇಳಿದಾಗ ಮಾತ್ರ, ಪಾಲಲ್ಲ, ಪಂಚಾಯಿತಿಯವರು ನಂಬರು ಕೊಟ್ಟಿದ್ದಾರೆ, ನಿಮ್ಮ ಬೈಕಿಗೂ ನಂಬರಿದೆ, ಅದೇನು ಪಾಲಾಗಿದೆಯೇ ಎಂದು ಕೇಳಿದ. ಉತ್ತರ ಚೆನ್ನಾಗಿದೆಯೆಂದು ಅವನಿಗೇ ಅನ್ನಿಸಿರಬೇಕು. ಆ ಸಂಜೆ ಅದನ್ನು ಮನೆಯಲ್ಲೂ ಎರಡು ಸಲ ಹೇಳಿದ.

ಮೂರನೆಯ ದಿನ ಶ್ವೇತ ನಾಲ್ಕೂ ನಲವತ್ತಕ್ಕೆ ಎದ್ದು, ಸ್ನಾನ ಮಾಡಿ, ಅಲಸಂದೆಕಾಳಿನ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದ ಸದ್ದಿಗೆ ಜಯಕುಮಾರ್ ಎದ್ದು ಕೂತ. ಕಾಫಿ ಕುದಿಯುವಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಬೋರಲಿಂಗಯ್ಯ. ಹಸು ನೋಡಲು ಎದ್ದೆ, ದೀಪ ಉರಿಯುತ್ತಿತ್ತು, ಕರೆಂಟು ಸುಮ್ಮನೆ ಹೋಗುತ್ತಿದೆಯೇನೋ ಎಂದು ಬಂದೆ ಎಂದ. ಶ್ವೇತ ಲೋಟ ಕೊಟ್ಟಳು. ಅವನು ಹಾಸಿಗೆಯ ತುದಿಯಲ್ಲಿ ಕೂತು ಊದಿ ಊದಿ ಕುಡಿದ. ಆರೂವರೆಗಿಂತ ಮೊದಲು ಕಾಫಿ ಕುಡಿದದ್ದು ಅವನ ಜೀವಮಾನದಲ್ಲಿ ಅದೇ ಮೊದಲೇನೋ.

ಐದಕ್ಕೆ ಸರಸಮ್ಮ ಬಂದಳು. ಗಂಡ ಎಲ್ಲಿ ಹೋದನೆಂದು ಹುಡುಕಿಕೊಂಡು ಬಂದದ್ದಂತೆ. ಅಡಿಗೆಕಟ್ಟೆಯನ್ನು ಒಂದು ಸುತ್ತು ನೋಡಿ, ಒಲೆಗೆ ಕುಂಕುಮವಿಟ್ಟಿರುವುದನ್ನು ನೋಡಿ, ಕೂತಳು. ಅವಳಿಗೂ ಒಂದು ಲೋಟ ಹೋಯಿತು. ಹತ್ತಡಿ ಅಗಲದ ಮನೆಯಲ್ಲಿ ಮೂವರು ಕೂತ ಮೇಲೆ ಶ್ವೇತಳಿಗೆ ಕೂರಲು ಜಾಗವಿರಲಿಲ್ಲ. ಅವಳು ಬಾಗಿಲಿಗೆ ಒರಗಿ ನಿಂತುಕೊಂಡೇ ಉಪ್ಪಿಟ್ಟು ತಿಂದಳು. ಬಿಸಿಯಾಗಿತ್ತು. ಎರಡು ಸಲ ಹಾಕಿಕೊಂಡಳು.

ಐದೂ ಹದಿನೆಂಟಕ್ಕೆ ಬಸ್ಸು ಹಾರನ್ನು ಹಾಕಿತು. ಶ್ವೇತ ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಬೀಗ ಹಿಡಿದು ಬಾಗಿಲಲ್ಲಿ ನಿಂತಳು.

“ನೀ ಓಗವ್ವ” ಎಂದ ಬೋರಲಿಂಗಯ್ಯ, ಹಾಸಿಗೆಯ ಮೇಲೆ ಇನ್ನೊಂದು ಕಾಲನ್ನೂ ಮಡಿಸಿಕೊಳ್ಳುತ್ತ. “ನಾವು ನಿಧಾನಕ್ಕೆ ಕುಡ್ದು ಬಾಗ್ಲು ಎಳ್ಕೊಂಡು ಓಯ್ತೀವಿ.”

ಶ್ವೇತ ಜಾಗ ಬಿಟ್ಟು ಕದಲಲಿಲ್ಲ. ಬಸ್ಸು ಎರಡನೇ ಸಲ ಹಾರನ್ನು ಹಾಕಿತು.

ಮೊದಲು ಜಯಕುಮಾರ್ ಎದ್ದ. ಆಮೇಲೆ ಸರಸಮ್ಮ. ಕೊನೆಗೆ ಬೋರಲಿಂಗಯ್ಯ, ಕಾಫಿ ಚೆಲ್ಲದಂತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದ. ಶ್ವೇತ ಬಾಗಿಲು ಹಾಕಿ, ಬೀಗ ಜಗ್ಗಿ ನೋಡಿ, ಲೋಟ ತೊಳೆದು ಜಗುಲಿಯ ಮೇಲಿಡಿ, ಸಂಜೆ ಬಂದು ತಗೋತೀನಿ ಎಂದು ಹೇಳಿ ಓಡಿದಳು.

ಮೂವರೂ ಅಂಗಳದಲ್ಲಿ ಲೋಟ ಹಿಡಿದು ನಿಂತಿದ್ದರು. ಬಸ್ಸು ತಿರುವು ದಾಟಿತು.

“ಸಕ್ರೆ ಒಸಿ ಕಮ್ಮಿ” ಎಂದಳು ಸರಸಮ್ಮ, ಮುಚ್ಚಿದ ಬಾಗಿಲಿನ ಕಡೆ ನೋಡುತ್ತ. “ನಾಳೆ ಹೇಳ್ಬೇಕು.”